ಹಾನ್ಲೆಯ ಬೆಟ್ಟದ ಮೇಲೆ ಮಹಾವ್ಯಾಧ

ಲೇಹ್‌ನಿಂದ ಸಿಂಧೂ ನದಿಯ ಗುಂಟ ಸಾಗುವ ರಸ್ತೆ, ಪರವಾನಗಿ ತಪಾಸಣೆ, ಎತ್ತರಕ್ಕೆ ಹಿಡಿಯುವ ತಲೆನೋವು, ಇವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾನು ನೇರವಾಗಿ ಲಡಾಖಿನ ಹಾನ್ಲೆಯ ಕತ್ತಲಿಗೇ ಬರುತ್ತೇನೆ. ಕತ್ತಲನ್ನು ಕಾಯಲೆಂದೇ 2022ರಲ್ಲಿ ಈ ಸೀಮೆಯನ್ನು ಮೀಸಲು ಪ್ರದೇಶವೆಂದು ಘೋಷಿಸಿದ್ದಾರೆ.

ಅಕ್ಟೋಬರ್ ತಿಂಗಳು, ಅಮಾವಾಸ್ಯೆಯ ಆಸುಪಾಸು. ಬಯಲಿನ ನಡುವೆ ವೀಕ್ಷಣಾಲಯವನ್ನು ಹೊತ್ತು ನಿಂತ ಬೆಟ್ಟ, ಅದರ ನೆತ್ತಿಯ ಮೇಲೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆ, ಅಂದರೆ ಹೊಳೆಯುವ ಅನಿಲ, ಧೂಳಿನ ಮೋಡ: ಒಂದೇ ಚಿತ್ರದಲ್ಲಿ ನನಗೆ ಬೇಕಿದ್ದುದು ಇಷ್ಟೇ. ಆ ನೀಹಾರಿಕೆಯ ಅಗಲ ಆಕಾಶದಲ್ಲಿ ಸುಮಾರು ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರಷ್ಟು. ಬೆಟ್ಟದ ಬುಡದಲ್ಲಿ ನಿಂತರೆ ಕಲ್ಲೇ ಚೌಕಟ್ಟನ್ನು ತುಂಬಿಕೊಳ್ಳುತ್ತದೆ. ಪಶ್ಚಿಮಕ್ಕೆ ಕೆಲವು ಕಿಲೋಮೀಟರ್ ಹಿಂದೆ ಸರಿದು 135 ಮಿ.ಮೀ. ಲೆನ್ಸ್ ಹಾಕಿದಾಗ ಮಾತ್ರ ಎರಡೂ ಒಂದಕ್ಕೊಂದು ಹೊಂದುತ್ತವೆ.

ನನ್ನ ಜೊತೆ ಬಂದಾಕೆ ಊರಿನವಳೇ. ಪ್ರವಾಸಿಗರಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುವ ತರಬೇತಿ ಪಡೆದವಳು. ಬೆಟ್ಟದ ಮೇಲಿನ ಎರಡು ಮೀಟರ್ ದೂರದರ್ಶಕವನ್ನು ನಡೆಸುವವರು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸುತ್ತಾರೆ ಎಂದು ಅವಳೇ ಹೇಳಿದಳು. ಫೋಟೊಗ್ರಾಫರ್‌ಗಳೆಂದರೆ ಅವಳಿಗೆ ಅಷ್ಟಕ್ಕಷ್ಟೇ.

"ಬಂದವರು ಮೊಬೈಲಿನಲ್ಲಿ ಕೆಂಪು ನೀಹಾರಿಕೆ ತೋರಿಸಿ, ಇದನ್ನೇ ನೋಡಬೇಕು ಅನ್ನುತ್ತಾರೆ. ದೂರದರ್ಶಕದಲ್ಲಿ ಕಾಣುವುದು ಬೂದು ಬಣ್ಣ. ಸುಳ್ಳುಗಾರ್ತಿ ಅನ್ನಿಸಿಕೊಳ್ಳುವವಳು ನಾನು. ಕೆಲವು ಚಿತ್ರಗಳಲ್ಲಂತೂ ನೀಹಾರಿಕೆ ನಮ್ಮ ಬೌದ್ಧ ಮಠ ಗೊಂಪಾಕ್ಕಿಂತ ದೊಡ್ಡದು, ಅದೂ ಇಲ್ಲಿ ಅದು ಎಂದೂ ಕಾಣದ ಉತ್ತರ ದಿಕ್ಕಿನಲ್ಲಿ!"

ಬೇರೆಲ್ಲೋ ತೆಗೆದ ಆಕಾಶವನ್ನು ಹಿಗ್ಗಿಸಿ ಬೆಟ್ಟದ ತಲೆಗೆ ಕಟ್ಟುವ ಆ ಚಾಳಿಯನ್ನು ಕಂಡರೆ ನನಗೂ ಆಗದು. ಆದರೆ ಕೆಂಪು ಸುಳ್ಳಲ್ಲ ಎಂದೆ. ನೀಹಾರಿಕೆಯ ಹೈಡ್ರೋಜನ್ 656.3 ನ್ಯಾನೋಮೀಟರ್ ತರಂಗಾಂತರದ ಕೆಂಪಿನಲ್ಲಿ ಬೆಳಗುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ದಕ್ಕುವುದಿಲ್ಲ. ಸಾಮಾನ್ಯ ಕ್ಯಾಮೆರಾದೊಳಗಿನ ಫಿಲ್ಟರ್ ಕೂಡ ಆ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ನನ್ನ ಕ್ಯಾಮೆರಾದಲ್ಲಿ ಅದನ್ನು ತೆಗೆಸಿಹಾಕಿದ್ದೇನೆ.

ಹನ್ನೊಂದು ದಾಟಿತು. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಒಂದರ ಕೆಳಗೊಂದು ನಿಂತು, ಏಣಿಯ ಮೆಟ್ಟಿಲುಗಳಂತೆ ಬೆಟ್ಟದ ಅಂಚಿನಿಂದ ಎದ್ದವು. ಬಲಕ್ಕೆ ನೀಹಾರಿಕೆಯ ಮಸುಕು. ಎರಡೆರಡು ನಿಮಿಷದ ಎಕ್ಸ್‌ಪೋಷರ್‌ಗಳು ಶುರುವಾದವು. ಅಷ್ಟರಲ್ಲಿ ರಸ್ತೆಯ ತಿರುವಿನಿಂದ ಒಂದು ಕಾರು ಹೆಡ್‌ಲೈಟ್ ಉರಿಸಿಕೊಂಡು ಬಂತು, ಅದರ ಹಿಂದೆ ಇನ್ನೊಂದು. ಇಳಿದವರು ನಕ್ಷತ್ರ ನೋಡಲು ಟಾರ್ಚ್ ಹಿಡಿದರು! ನೀಹಾರಿಕೆ ಬೆಟ್ಟದ ಮೇಲೆ ಸರಿಯಾದ ಎತ್ತರದಲ್ಲಿ ಸಿಗುವ ಹೊತ್ತು ಅಲ್ಪ. ಅದರಲ್ಲಿ ಅರ್ಧ ಅವರ ಪಾಲಾಯಿತು. ಈಗಲೂ ಹೊಟ್ಟೆ ಉರಿಯುತ್ತದೆ. ಹೋಗುವವರು ಹಗಲಲ್ಲೇ ಜಾಗ ನೋಡಿಕೊಳ್ಳಿ, ರಸ್ತೆಗೂ ನಿಮಗೂ ನಡುವೆ ಒಂದು ದಿಬ್ಬ ಇರಲಿ. ಬಿಳಿ ಟಾರ್ಚ್ ಬೇಡವೇ ಬೇಡ, ಕೆಂಪು ಸಾಕು. ಚಳಿಗೆ ಬೇಗ ಇಳಿಯುವ ಬ್ಯಾಟರಿಗಳನ್ನು ಅಂಗಿಯೊಳಗಿನ ಜೇಬಿನಲ್ಲಿಡಿ.

ಕತ್ತಲು ಮರಳಿದ ಮೇಲೆ ಪರದೆಯನ್ನು ಅವಳತ್ತ ತಿರುಗಿಸಿದೆ. ಕೆಂಪಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ, "ಬೆಟ್ಟ ಯಾಕೆ ಅಲುಗಾಡಿದೆ?" ಎಂದಳು.

ನಕ್ಷತ್ರಗಳನ್ನು ಹಿಂಬಾಲಿಸುವ ಟ್ರ್ಯಾಕರ್ ಕ್ಯಾಮೆರಾವನ್ನು ತಿರುಗಿಸುತ್ತದೆ, ಹಾಗಾಗಿ ನೆಲ ಕಲಸಿಹೋಗುತ್ತದೆ. ಟ್ರ್ಯಾಕರ್ ನಿಲ್ಲಿಸಿ ಬೆಟ್ಟವನ್ನು ಬೇರೆಯಾಗಿ ತೆಗೆದು, ಆಮೇಲೆ ಎರಡನ್ನೂ ಸೇರಿಸಬೇಕು.

"ಹಾಗಾದರೆ ನೀವೂ ಅಂಟಿಸುವವರೇ!"

ಅದೇ ಜಾಗ, ಅದೇ ಲೆನ್ಸ್, ಅದೇ ರಾತ್ರಿ ಎಂದು ವಾದಿಸಿದೆ. ಟ್ರ್ಯಾಕರ್ ನಿಲ್ಲಿಸಿ ತೆಗೆದ ಐದು ನಿಮಿಷದ ಎಕ್ಸ್‌ಪೋಷರ್ ಮುಗಿಯುವ ತನಕ ಅವಳು ಮಾತಾಡಲಿಲ್ಲ.

"ಅಳತೆ, ದಿಕ್ಕು ಬದಲಾಯಿಸದಿದ್ದರೆ ನನ್ನ ತಕರಾರಿಲ್ಲ. ಆದರೆ ಚಿತ್ರದ ಕೆಳಗೆ ಅದನ್ನು ಬರೆಯಬೇಕು."

ಬರೆದಿದ್ದೇನೆ: "ಆಕಾಶ ಮತ್ತು ನೆಲ ಬೇರೆ ಬೇರೆ ಎಕ್ಸ್‌ಪೋಷರ್, ಒಂದೇ ಟ್ರೈಪಾಡ್, 135 ಮಿ.ಮೀ., ಪೂರ್ವಕ್ಕೆ ಮುಖ. ಬರಿಗಣ್ಣಿಗೆ ಈ ಕೆಂಪು ಕಾಣುವುದಿಲ್ಲ."