18ನೆಯ ದಿನದ ಕೀರ್ತನೆ

22 ಮಾರ್ಚ್ 2025, ಶನಿವಾರ
ಮಂಗಳೂರು

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ತೊಡಗುವ ಬೂದಿ ಬುಧವಾರದಂದು, ಅಂದರೆ ಈ ತಿಂಗಳ 5ರಂದು, ದಿನಕ್ಕೆ ಐದರಂತೆ ಓದಿ 30 ದಿನಗಳಲ್ಲಿ ಸತ್ಯವೇದದ (ಬೈಬಲಿನ) 150 ಕೀರ್ತನೆಗಳನ್ನೂ ಮುಗಿಸಬೇಕೆಂದು ತೊಡಗಿದ್ದೆ. ಇಂದು 18ನೆಯ ದಿನ. ಒಲೆ ಹಚ್ಚುವ ಮೊದಲು ಸತ್ಯವೇದವನ್ನು ತೆರೆಯುತ್ತಿದ್ದ ಅಜ್ಜಿಯ ರೂಢಿಯನ್ನೇ ನೆನೆದು, ಬೆಳಗ್ಗೆ ಐದೂವರೆಗೆ ಅಡುಗೆಮನೆಯ ಮೇಜಿನ ಮುಂದೆ ಕುಳಿತುಕೊಳ್ಳುತ್ತಿದ್ದೇನೆ.

ಕಳೆದ ವಾರ ಕೆಲಸದ ಒತ್ತಡದಲ್ಲಿ ಗುರುವಾರದಿಂದ ಶನಿವಾರದವರೆಗೆ ಮೂರು ದಿನ ಓದಲಿಲ್ಲ. ಭಾನುವಾರ ಮಧ್ಯಾಹ್ನ, ಬಾಕಿಯನ್ನು ತೀರಿಸುವವಳಂತೆ, 41ರಿಂದ 60ರವರೆಗಿನ ಇಪ್ಪತ್ತು ಕೀರ್ತನೆಗಳನ್ನು ಒಂದೇ ಉಸಿರಿನಲ್ಲಿ ಓದಿದೆ. ರಾತ್ರಿ ಮಲಗುವಾಗ ಹೊಳೆಯಿತು: ಪ್ರವಾದಿಯಾದ ನಾತಾನನು ಬಂದು ಎಚ್ಚರಿಸಿದ ಮೇಲೆ ಅರಸನಾದ ದಾವೀದನು ತನ್ನ ಪಾಪಕ್ಕಾಗಿ ಮರುಗಿ ಮಾಡಿದ ಪ್ರಾರ್ಥನೆ, 51ನೆಯ ಕೀರ್ತನೆ, ಅವುಗಳ ನಡುವೆಯೇ ಇತ್ತು, ಪಶ್ಚಾತ್ತಾಪಕ್ಕೆಂದೇ ಮೀಸಲಾದ ಈ ದಿನಗಳಲ್ಲಿ ನಾನು ಅದನ್ನು ದಾಟಿ ಹೋಗಿದ್ದೆ, ಅದರ ಒಂದು ಮಾತೂ ನನ್ನಲ್ಲಿ ಉಳಿದಿರಲಿಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರಿಂದ ದೊರೆತ ಆಹಾರವಾದ ಮನ್ನದ ವಿಷಯವನ್ನು ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಎಷ್ಟೋ ಸಲ ಓದಿದ್ದೇನೆ. ಆಯಾ ದಿನದ್ದನ್ನು ಆಯಾ ದಿನವೇ ಕೂಡಿಸಬೇಕಿತ್ತು; ಮರುದಿನಕ್ಕೆಂದು ಇಟ್ಟುಕೊಂಡದ್ದರಲ್ಲಿ ಹುಳ ಬಿದ್ದು ನಾರಿತು. ವಿಶ್ರಾಂತಿಯ ಏಳನೆಯ ದಿನವಾದ ಸಬ್ಬತ್ತಿಗಾಗಿ ಆರನೆಯ ದಿನ ಎರಡರಷ್ಟು ಕೂಡಿಸಿದಾಗ ಮಾತ್ರ ಅದು ಕೆಡಲಿಲ್ಲ. ಸೋಮವಾರ ಮುಂದಿನ ಐದಕ್ಕೆ ಹೋಗುವ ಮುನ್ನ, ಲೆಕ್ಕವನ್ನು ಬದಿಗಿಟ್ಟು, 51ನ್ನು ಮೊಣಕಾಲೂರಿ ನಿಧಾನವಾಗಿ ಓದಿದೆ.

ಇಂದಿನ ಪಾಲು 86ರಿಂದ 90. ಇವುಗಳಲ್ಲಿ 88ನ್ನು ನಾನಾಗಿ ಎಂದೂ ಆರಿಸಿಕೊಂಡವಳಲ್ಲ. ಬಹುಪಾಲು ಪ್ರಲಾಪದ ಕೀರ್ತನೆಗಳು ಕೊನೆಗೆ ಸ್ತುತಿಯ ಕಡೆಗೆ ಹೊರಳಿದರೆ, ಇದು ಹಗಲಿರುಳೂ ಮೊರೆಯಿಟ್ಟು, ಉತ್ತರ ಬಾರದೆ, ಕತ್ತಲೆಯಲ್ಲಿಯೇ ನಿಲ್ಲುತ್ತದೆ. ಬೆಳಗ್ಗೆ ಅದು ನನಗೆ ಹೊರಗಿನ ಮಾತಾಗಿಯೇ ಕೇಳಿಸಿತು. ನನ್ನ ಮನೆಯಲ್ಲಿ ಈಗ ಅಂತಹ ದುಃಖವಿಲ್ಲ.

ಸಂಜೆ ನಮ್ಮ ಚರ್ಚಿನ ಸಭೆಯ ಒಬ್ಬ ಅಕ್ಕನನ್ನು ಕಾಣಲು ಹೋದೆ. ಅವರ ಯಜಮಾನರು ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಹೋದಾಗಲೆಲ್ಲ ನಾನು ದೇವರನ್ನು ಕಾಯುವ ಕುರುಬನೆಂದು ಹಾಡುವ 23ನೆಯ ಕೀರ್ತನೆಯನ್ನು ಓದುತ್ತಿದ್ದೆ, ಅವರು ಸುಮ್ಮನೆ ತಲೆದೂಗುತ್ತಿದ್ದರು. ಇಂದು ಅವರು, "ಪ್ರಾರ್ಥನೆಗೆ ಕೂತರೆ ದೇವರ ಮೇಲೆ ಸಿಟ್ಟೇ ಬರುತ್ತದೆ, ಅದಕ್ಕೇ ಕೂರುವುದನ್ನೇ ಬಿಟ್ಟಿದ್ದೇನೆ" ಎಂದರು. ನಾನು ಸಮಾಧಾನ ಹೇಳಲು ಹೋಗದೆ 88ನ್ನು ಓದಿದೆ. ಮುಗಿದ ಮೇಲೆ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಇದೂ ಸತ್ಯವೇದದಲ್ಲಿ ಉಂಟಾ?" ಎಂದು ಕೇಳಿ, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇನ್ನೊಮ್ಮೆ ಓದಿಕೊಂಡರು.

ಮನಸ್ಸು ಬಂದಾಗ ಮನಸ್ಸಿಗೆ ಹಿಡಿಸಿದ ಭಾಗವನ್ನು ಮಾತ್ರ ಓದುತ್ತಿದ್ದ ಇಷ್ಟು ವರ್ಷಗಳಲ್ಲಿ ನನ್ನ ಪ್ರಾರ್ಥನೆ ನನ್ನ ಮನೆಯ ಹೊಸ್ತಿಲನ್ನು ದಾಟಿದ್ದು ಕಡಿಮೆ ಎಂಬುದು ದಾರಿಯುದ್ದಕ್ಕೂ ನನ್ನನ್ನು ಕಾಡಿತು.

ನಾಳೆಯ ಪಾಲು 91ರಿಂದ 95. ಆರಾಧನೆಗೆ ಹೋಗುವ ಮುಂಚೆ ತಮ್ಮ ಮನೆಗೇ ಬಂದು ಓದುವಂತೆ ಅಕ್ಕ ಹೇಳಿದ್ದಾರೆ.