ಲಿಬರೇಟರ್ ಹೊಟ್ಟೆಯೊಳಗಿನ ಕೆಲಸ

ಮಳೆಗಾಲದಲ್ಲಿ ನಮ್ಮ ರಿವೈಂಡಿಂಗ್ ಅಂಗಡಿಗೆ ಕೆಲಸ ಕಮ್ಮಿ. ತೋಟಕ್ಕೆ ನೀರು ಬಿಡುವ ಮಾತೇ ಇಲ್ಲ, ಹಾಗಾಗಿ ಪಂಪ್‌ಸೆಟ್ ಸುಡುವುದೂ ಇಲ್ಲ. ಸಾಗರದ ಮಳೆಯಲ್ಲಿ ಆಗೊಂದು ಮಿಕ್ಸಿ, ಈಗೊಂದು ಗ್ರೈಂಡರ್ ಬಂದರೆ ಬಂತು. ಉಳಿದ ಹೊತ್ತು ಬೆಂಚಿನ ಮೇಲೆ ಬಿ-24 ಲಿಬರೇಟರ್ ಇರುತ್ತದೆ. ಎರಡನೇ ಮಹಾಯುದ್ಧದ ನಾಲ್ಕು ಎಂಜಿನ್ನಿನ ಬಾಂಬರ್, 1/32 ಅಳತೆಯ ಪ್ಲಾಸ್ಟಿಕ್ ಮಾದರಿ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 110 ಅಡಿ. ನನ್ನದು ಒಂದು ಮೀಟರಿಗಿಂತ ಚೂರು ಜಾಸ್ತಿ. ಮುಗಿದ ಮೇಲೆ ಎಲ್ಲಿ ಇಡ್ತೀರಿ ಅಂತ ಹೆಂಡತಿ ಕೇಳಿದ್ದಾಳೆ. ಉತ್ತರ ಇನ್ನೂ ಕೊಟ್ಟಿಲ್ಲ.

ಲಿಬರೇಟರೇ ಯಾಕೆ ಅಂದರೆ, ಅದರ ಕಥೆ ನಮ್ಮ ಕಸುಬಿನ ಕಥೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ತಮ್ಮ ಲಿಬರೇಟರ್‌ಗಳನ್ನು ಯಾರೂ ಹಾರಿಸದ ಹಾಗೆ ಜಖಂ ಮಾಡಿ ಕಾನ್ಪುರದಲ್ಲಿ ಬಿಟ್ಟು ಹೋದರು. ಬೆಂಗಳೂರಿನ ಎಚ್‌ಎಎಲ್‌ನವರು ಆ ಗುಜರಿಯನ್ನು ಹೇಗೋ ಹಾರುವ ಮಟ್ಟಕ್ಕೆ ತಂದು, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ರಿಪೇರಿ ಮಾಡಿದರು. 1948ರಲ್ಲಿ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾದದ್ದೇ ಇವುಗಳಿಂದ. 1968ರವರೆಗೂ ಹಾರಿದವು. ಬ್ರಿಟನ್ನಿನ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಂನಲ್ಲಿ ಇವತ್ತು ನಿಂತಿರುವ ಲಿಬರೇಟರ್ ಕೂಡ ಇಲ್ಲಿಂದ ಹೋದದ್ದೇ. ಸುಟ್ಟದ್ದನ್ನು ಬಿಚ್ಚಿ ಮತ್ತೆ ಓಡಿಸುವವನಿಗೆ ಇದಕ್ಕಿಂತ ಒಳ್ಳೆ ವಿಮಾನ ಸಿಗುತ್ತದಾ?

ಹೊರಗಿನ ಕೆಲಸದಲ್ಲಿ ಹೇಳುವಂಥದ್ದೇನಿಲ್ಲ. ಮಜಾ ಇರುವುದು ಒಳಗೆ. ಒಳಗಿನ ಜಗಳ ಒಂದೇ, ದಪ್ಪದ್ದು.

ಲೆಕ್ಕ ಹಾಕಿ ನೋಡಿ. ವಿಮಾನದ ಮೈಗೆ ಒಳಗಿನಿಂದ ಆಸರೆ ಕೊಡುವ ಪಟ್ಟಿಗೆ ಪಕ್ಕೆಲುಬು ಅನ್ನೋಣ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ಕಿನ ಪಕ್ಕೆಲುಬು ಒಂದು ಮಿಲಿಮೀಟರ್ ದಪ್ಪ ಇದ್ದರೆ, ನಿಜವಾದ ವಿಮಾನದಲ್ಲಿ ಅದು 32 ಮಿಲಿಮೀಟರ್. ಅಂಥ ತಗಡಿನಲ್ಲಿ ಕಟ್ಟಿದ್ದರೆ ಲಿಬರೇಟರ್ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಒಳಗೆ ಎಷ್ಟು ಸಾಮಾನು ತುಂಬಿದ್ದೀರಿ ಅನ್ನುವುದು ಆಮೇಲೆ. ಅಂಚು ದಪ್ಪ ಕಂಡರೆ ಸಾಕು, ಆಟದ ಸಾಮಾನು ಅಂತ ಕಣ್ಣು ತೀರ್ಮಾನ ಮಾಡಿಬಿಡುತ್ತದೆ.

ಹಾಗಾಗಿ ಮೊದಲು ಒಳಗಿದ್ದ ಪಕ್ಕೆಲುಬುಗಳನ್ನೆಲ್ಲ ಕೆತ್ತಿ ತೆಗೆದೆ. ನಮ್ಮೂರಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರಿದ್ದಾರೆ. ಅವರಲ್ಲಿ ಪರಿಚಯದ ಅಣ್ಣ ಒಬ್ಬರು ಸವೆದ ಸಣ್ಣ ಉಳಿಯನ್ನು ಮಸೆದು ಕೊಟ್ಟರು. ಅಂಗಡಿಯಲ್ಲಿ ಸಿಗುವ ಹಾಬಿ ಚಾಕು ಇದರ ಮುಂದೆ ಏನೂ ಅಲ್ಲ. ಆಮೇಲೆ ಕಾಲು ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆಯಿಂದ ಹೊಸ ಪಕ್ಕೆಲುಬು ಕತ್ತರಿಸಿ, ಕಾಣುವ ಅಂಚನ್ನು ಮಾತ್ರ ಇನ್ನಷ್ಟು ಉಜ್ಜಿ ಕೂರಿಸಿದೆ.

ವೈರಿನ ವಿಷಯದಲ್ಲಿ ನಾನು ಪುಣ್ಯವಂತ. ಅಂಗಡಿಯ ತುಂಬ ತಾಮ್ರದ ವೈಂಡಿಂಗ್ ವೈರ್, ಗೇಜ್, ಅಂದರೆ ವೈರಿನ ದಪ್ಪ, ಬೆರಳಿಗೇ ಗೊತ್ತಾಗುತ್ತದೆ. ನಂಬರ್ ಹೆಚ್ಚಿದಷ್ಟೂ ವೈರು ತೆಳು. 30 ಗೇಜ್ ಅಂದರೆ 0.31 ಮಿಲಿಮೀಟರ್, ಈ ಅಳತೆಯಲ್ಲಿ ಒಂದು ಸೆಂಟಿಮೀಟರಿನ ಹೈಡ್ರಾಲಿಕ್ ಪೈಪು. 36 ಗೇಜ್, ಆರು ಮಿಲಿಮೀಟರಿನ ಕರೆಂಟ್ ವೈರು. ಬಾಲದ ಕಡೆಗೆ ಹೋಗುವ ಕಂಟ್ರೋಲ್ ಕೇಬಲ್‌ಗಳಿಗೆ 40 ಗೇಜ್. ಇದು ಕೂದಲಿನ ಹಾಗೆ ಸುಕ್ಕಾಗುತ್ತದೆ. ಒಂದು ತುದಿ ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಪಕ್ಕಡಿನಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ವೈರು ಒಂಚೂರು ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ಬಿಟ್ಟರೆ ನೆಟ್ಟಗೆ ನಿಲ್ಲುತ್ತದೆ. ಇನ್ನೂ ಎಳೆದರೆ ತುಂಡು. ಈ ವೈರಿಗಿರುವ ಎನಾಮೆಲ್ ಲೇಪದ ಮೇಲೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಸಣ್ಣ ಪಾಲಿಶ್ ಪೇಪರಿನಲ್ಲಿ ಉಜ್ಜಿ ಪ್ರೈಮರ್ ಹೊಡೆಯಲೇಬೇಕು. ಆಕ್ಸಿಜನ್ ಮಾಸ್ಕಿನ ಪೈಪಿಗೆ 24 ಗೇಜಿನ ಮೇಲೆ 40 ಗೇಜನ್ನು ಒತ್ತೊತ್ತಾಗಿ ಸುತ್ತಿದೆ. ಸುತ್ತುವುದೇ ನಮ್ಮ ಅನ್ನ ಅಲ್ವಾ. ಒಂದಿಂಚಿನ ಸುರುಳಿ ಪೈಪು ತಯಾರು.

ಅಡಿಕೆ ತೋಟದ ಯಜಮಾನರೊಬ್ಬರು ಮೋಟಾರ್ ಕೇಳಲು ಬಂದವರು ಇದನ್ನೇ ನೋಡುತ್ತ ನಿಂತರು.

‘ಎಂತ ಮಾರಾಯ್ರೇ ಇದು, ಹಾರ್ತದಾ?’

‘ಇಲ್ಲ ಭಟ್ರೇ.’

‘ಲೈಟಾದ್ರೂ ಹತ್ತುತ್ತಾ?’

‘ಅದೂ ಇಲ್ಲ.’

‘ಮತ್ತೆ ಇಷ್ಟು ವೈರು ಎಂತಕ್ಕೆ? ನನ್ನ ಮೋಟಾರಿಗೆ ಸುತ್ತಿದ್ರೆ ಆಗ್ತಿತ್ತಲ್ಲ!’

ಅವರ ಮೋಟಾರು ಆಗಲೇ ಆಗಿತ್ತು ಅನ್ನಿ.

ಜಾಸ್ತಿ ಹೊತ್ತು ತಿಂದದ್ದು ಬಾಂಬ್ ಬೇ, ಅಂದರೆ ಬಾಂಬು ತುಂಬುವ ಜಾಗ. ಲಿಬರೇಟರ್ ನೆಲಕ್ಕೆ ತೀರಾ ತಗ್ಗು. ಒಳಗೆ ಹೋಗುವವರು ಬಗ್ಗಿ ಬಾಂಬ್ ಬೇ ಬಾಗಿಲಿನಿಂದಲೇ ಹತ್ತುತ್ತಿದ್ದರು. ಬಾಗಿಲು ಕೆಳಗೆ ತೆರೆದುಕೊಳ್ಳುವುದಿಲ್ಲ, ಅಂಗಡಿ ಶಟರಿನ ಹಾಗೆ ಪಕ್ಕಕ್ಕೆ ಸರಿದು ಮೈಗೆ ಅಂಟಿಕೊಂಡು ಮೇಲೆ ಹೋಗುತ್ತದೆ. ನಡುವೆ ಹಿಂದೆ ಮುಂದೆ ಓಡಾಡಲು ಒಂದು ಕಾಲುದಾರಿ. ಸುಮಾರು 9 ಇಂಚು ಅಗಲ, ಎರಡೂ ಕಡೆ ಬಾಂಬು, ಕೆಳಗೆ ತೆಳು ಬಾಗಿಲು. ನನ್ನ ಬೆಂಚಿನ ಮೇಲೆ ಅದು ಏಳು ಮಿಲಿಮೀಟರ್. ಅದನ್ನು ಅಂಟಿಸಿದ ದಿನ, ಪ್ಯಾರಾಚೂಟ್ ಕಟ್ಟಿಕೊಂಡವನು ಇದರ ಮೇಲೆ ಹೇಗಪ್ಪ ನಡೆಯುತ್ತಿದ್ದ ಅಂತ ಸುಮ್ನೆ ಕೂತು ನೋಡಿದ್ದೆ.

ಬಾಗಿಲಿನ ತಗಡು ಏಣು ಏಣಾಗಿದೆ. ಪ್ಲಾಸ್ಟಿಕ್ಕಿನಲ್ಲಿ ಅದು ಬರುವುದಿಲ್ಲ. ಒಂದು ಹಲಗೆಗೆ 26 ಗೇಜ್ ವೈರನ್ನು ಪಕ್ಕಪಕ್ಕದಲ್ಲೇ ಸುತ್ತಿ ವಾರ್ನಿಶ್ ಕುಡಿಸಿದೆ. ಅದು ಒಣಗಿದ ಮೇಲೆ, ಹೋಟೆಲ್ ಪಾರ್ಸೆಲ್ ಬರುವ ಅಲ್ಯೂಮಿನಿಯಂ ಡಬ್ಬಿಯ ತಳ ಕತ್ತರಿಸಿ ಮೇಲಿಟ್ಟು, ಮೊದಲು ರಬ್ಬರಿನಲ್ಲಿ, ಆಮೇಲೆ ಮೋಟಾರಿನ ಸ್ಲಾಟಿಗೆ ಹಾಕುವ ಬಿದಿರಿನ ಕಡ್ಡಿಯಲ್ಲಿ ತಿಕ್ಕಿದೆ. ಒಂದೊಂದು ಗೆರೆಯೂ ಎದ್ದು ಬಂತು. ಕೂಲ್‌ಡ್ರಿಂಕ್ ಕ್ಯಾನಿನ ತಗಡು ಇದಕ್ಕೆ ಬೇಡ, ತುಂಬಾ ಬಿರುಸು.

ಬಣ್ಣದ್ದು ಮಲೆನಾಡಿನ ಕಷ್ಟ. ಕಾಕ್‌ಪಿಟ್ಟಿಗೆ ಹಸಿರು, ಹಿಂದಿನ ಭಾಗಕ್ಕೆ ಬರಿ ಅಲ್ಯೂಮಿನಿಯಂ ಬಣ್ಣ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ, ಬಣ್ಣದ ಮೇಲೆ ಬೂದಿ ಬಳಿದ ಹಾಗೆ ಬಿಳಿ ಏಳುತ್ತದೆ. ವಾರ್ನಿಶ್ ಹಾಕಿದ ಮೋಟಾರ್ ಒಣಗಿಸಲು ನಮ್ಮಲ್ಲಿ ಬಲ್ಬಿನ ಪೆಟ್ಟಿಗೆ ಇದೆ. ದೊಡ್ಡ ಬಲ್ಬ್ ತೆಗೆದು ಸಣ್ಣದು ಹಾಕಿ, ಬಣ್ಣ ಹೊಡೆಯುವ ಮೊದಲೂ ಆಮೇಲೂ ಭಾಗಗಳನ್ನು ದೂರದಲ್ಲಿ ಇಡುತ್ತೇನೆ. ಹತ್ತಿರ ಇಟ್ಟರೆ ಪ್ಲಾಸ್ಟಿಕ್ ಬಾಗುತ್ತದೆ. ಫೆವಿಕ್ವಿಕ್ಕಿಗೆ ಮಾತ್ರ ಈ ಮಳೆ ಹಬ್ಬ. ತೇವಕ್ಕೇ ಗಟ್ಟಿಯಾಗುವ ಅಂಟು ಅದು. ಇಟ್ಟ ಭಾಗ ಸರಿಸುವಷ್ಟರಲ್ಲಿ ಕಚ್ಚಿಕೊಂಡಿರುತ್ತದೆ.

ಕಾಣದ ಮೂಲೆಯನ್ನೂ ಮಾಡಬೇಕು ಅನ್ನುವವರಿದ್ದಾರೆ. ನಾನು ಆ ಪೈಕಿ ಅಲ್ಲ. ವಿಮಾನದ ಮೈಯ ಎರಡು ಹೋಳನ್ನು ಟೇಪಿನಲ್ಲಿ ಕೂಡಿಸಿ, ಕಿಟಕಿಯಿಂದ ಮೊಬೈಲ್ ಟಾರ್ಚ್ ಬಿಡುತ್ತೇನೆ. ಬೆಳಕು ಹೋದಲ್ಲಿ ಕೆಲಸ, ಹೋಗದಲ್ಲಿ ಕಪ್ಪು ಬಣ್ಣ. ರೇಡಿಯೋದವನ ಮೇಜಿನ ಅರ್ಧ ಹಾಗೇ ಬಿಟ್ಟಿದ್ದೇನೆ.

ಈಗ ಉಳಿದಿರುವುದು ಟರೆಟ್‌ಗಳ, ಅಂದರೆ ಗನ್ ಇರುವ ಗುಮ್ಮಟಗಳ, ಗಾಜು. ಅಲ್ಲೂ ಅದೇ ದಪ್ಪದ ಗೋಳು. ಮೋಟಾರಿನ ಇನ್ಸುಲೇಶನ್ನಿಗೆ ಬಳಸುವ ಮೈಲರ್ ಹಾಳೆ ಒಂದೇ ದಿಕ್ಕಿಗೆ ಬಗ್ಗುತ್ತದೆ, ಗುಮ್ಮಟಕ್ಕೆ ಆಗುವುದಿಲ್ಲ. ಬೇರೆ ಪ್ಲಾಸ್ಟಿಕ್ ಹಾಳೆ ಬಿಸಿ ಮಾಡಿ ಮರದ ಅಚ್ಚಿನ ಮೇಲೆ ಎಳೆಯಬೇಕು. ಅಚ್ಚು ಕೆತ್ತಿಕೊಡಿ ಅಂತ ಗುಡಿಗಾರ ಅಣ್ಣನಿಗೆ ಹೇಳಿದ್ದೇನೆ. ಅವರ ಮನೆ ತುಂಬ ಈಗ ಮಣ್ಣಿನ ಗಣಪತಿ. ಚೌತಿ ಕಳೀಲಿ, ಆಮೇಲೆ ನೋಡೋಣ ಅಂದಿದ್ದಾರೆ.