120 ಕ್ರೆಡಿಟ್‌ಗಳ ಭಾರ

ಭಾನುವಾರ, 12 ಅಕ್ಟೋಬರ್ 2025

ಅಮೆರಿಕದ ಕಾಲೇಜುಗಳಲ್ಲಿ ಮಿಡ್‌ಟರ್ಮ್ ಅಂಕಗಳು ಕೈಸೇರುವ ಹೊತ್ತು. 4ಕ್ಕೆ 3.0 ಆಸುಪಾಸಿನ ಜಿಪಿಎ (ಗ್ರೇಡುಗಳ ಸರಾಸರಿ) ಇಟ್ಟುಕೊಂಡು ಮೆಡಿಕಲ್ ಸ್ಕೂಲಿನ ಆಸೆ ಬಿಡದವರು ಇವತ್ತೇ ಟ್ರಾನ್ಸ್‌ಕ್ರಿಪ್ಟ್ ಎದುರಿಗಿಟ್ಟುಕೊಂಡು ಕೂರುವುದು ಒಳ್ಳೆಯದು. 2023ರಲ್ಲಿ ಅಲ್ಲಿನ ವೈದ್ಯ ಪದವಿಯಾದ ಎಂಡಿಗೆ ಸೇರಿದವರ ಸರಾಸರಿ ಜಿಪಿಎ ಸುಮಾರು 3.77, ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಅಂಕ ಸುಮಾರು 511.7.

ಮೊದಲು ಲೆಕ್ಕ. ಡಿಗ್ರಿಯ 120 ಕ್ರೆಡಿಟ್‌ಗೆ 3.0 ಎಂದರೆ 360 ಪಾಯಿಂಟ್. ಅದರ ಮೇಲೆ 30 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ (ಕ್ರೆಡಿಟ್‌ಗೆ 4 ಪಾಯಿಂಟ್) ತೆಗೆದರೆ 480 ಪಾಯಿಂಟ್, 150 ಕ್ರೆಡಿಟ್. ಜಿಪಿಎ ಏರುವುದು 3.2ಕ್ಕೆ ಮಾತ್ರ. 60 ಕ್ರೆಡಿಟ್ ಓದಿದರೂ 3.33. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ಇಲ್ಲಿಯೇ ಹಲವರು ಕೈಚೆಲ್ಲುತ್ತಾರೆ. ಆದರೆ ಎಂಡಿ ಕಾಲೇಜುಗಳಿಗೆ ಹಾಕುವ ಸಾಮಾನ್ಯ ಅರ್ಜಿಯಾದ ಆಮ್‌ಕ್ಯಾಸ್‌ನಲ್ಲಿ ಕಾಲೇಜಿನವರಿಗೆ ಕಾಣುವುದು ಒಂದೇ ಅಂಕಿಯಲ್ಲ, ಒಂದು ಕೋಷ್ಟಕ. ಡಿಗ್ರಿಯ ಒಂದೊಂದು ವರ್ಷಕ್ಕೂ ಒಂದೊಂದು ಸಾಲು, ಡಿಗ್ರಿ ಮುಗಿದ ಮೇಲೆ ಓದಿದ ಪೋಸ್ಟ್‌ಬ್ಯಾಕ್‌ಗೆ ಬೇರೆ ಸಾಲು, ಆಮೇಲೆ ಒಟ್ಟು. ಅಡ್ಡಕ್ಕೆ ಮೂರು ಕಂಬಸಾಲು: ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಸೇರಿದ ಬಿಸಿಪಿಎಂ, ಉಳಿದ ವಿಷಯಗಳು, ಎರಡೂ ಕೂಡಿದ್ದು. ಬಿಸಿಪಿಎಂ ಕೆಳಗೆ 2.6, 2.9, 3.2, 3.4 ಎಂದು ಬಂದು ಪೋಸ್ಟ್‌ಬ್ಯಾಕ್ ಸಾಲಿನಲ್ಲಿ 3.9 ಇದ್ದರೆ, ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ದುಡಿಯಬೇಕಾದದ್ದು ಆ ಸಾಲಿಗಾಗಿ.

ಅದನ್ನು ತುಂಬುವ ರೀತಿಯೂ ಮುಖ್ಯ. ಸೆಮಿಸ್ಟರಿಗೊಂದು ಕೋರ್ಸ್ ತೆಗೆದುಕೊಂಡು ಎ ಪಡೆದರೆ ಮೆಡಿಕಲ್ ಓದಿನ ಹೊರೆ ತಾಳುತ್ತಾರೆಂಬ ನಂಬಿಕೆ ಯಾರಿಗೂ ಬರುವುದಿಲ್ಲ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಜೆನೆಟಿಕ್ಸ್‌ನಂಥ ಮೇಲ್ಮಟ್ಟದ ಮೂರು ನಾಲ್ಕು ಕೋರ್ಸ್ ಒಟ್ಟಿಗೆ, ಸೆಮಿಸ್ಟರಿಗೆ 12ರಿಂದ 15 ಕ್ರೆಡಿಟ್ ಇರಲಿ. ಬೇಕಾದ ವಿಷಯದಲ್ಲಿ ಡಿ ಅಥವಾ ಎಫ್ ಬಂದಿದ್ದರೆ ಮತ್ತೆ ಓದಲೇಬೇಕು. ಸಿ ಬಂದದ್ದನ್ನೆಲ್ಲ ಮತ್ತೆ ಓದುವುದು ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಏಕೆಂದರೆ ಆಮ್‌ಕ್ಯಾಸ್ ಹಳೆಯ ಗ್ರೇಡನ್ನೂ ಹೊಸದನ್ನೂ ಎರಡನ್ನೂ ಎಣಿಸುತ್ತದೆ. ಆಸ್ಟಿಯೋಪಥಿ ವೈದ್ಯ ಪದವಿಯಾದ ಡಿಓ ಕೊಡುವ ಕಾಲೇಜುಗಳ ಅರ್ಜಿ, ಆಕೋಮಾಸ್‌ನಲ್ಲಿ ಹಳೆಯದನ್ನು ಅಳಿಸುವ ಸೌಲಭ್ಯವಿತ್ತು, 2017ರಲ್ಲಿ ಅದೂ ಹೋಯಿತು. ಹಾಗಾಗಿ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂದವರು ಬಯೋಕೆಮಿಸ್ಟ್ರಿಯಲ್ಲಿ ಎ ತೆಗೆದು ತೋರಿಸುವುದೇ ಮೇಲು.

ಅತಿ ಹೆಚ್ಚು ದುಡ್ಡು ಹಾಳಾಗುವುದು ಮಾಸ್ಟರ್ಸ್‌ನಲ್ಲಿ. ಪಬ್ಲಿಕ್ ಹೆಲ್ತ್‌ನಲ್ಲಿ 4.0 ತೆಗೆದರೂ ಆ ಅಂಕ ಗ್ರಾಜುಯೇಟ್ ಸಾಲಿಗೆ ಹೋಗುತ್ತದೆ, ಡಿಗ್ರಿಯ ಜಿಪಿಎ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಜಾರ್ಜ್‌ಟೌನ್‌ನಲ್ಲಿರುವಂಥ ಸ್ಪೆಷಲ್ ಮಾಸ್ಟರ್ಸ್ ಬೇರೆ ಜಾತಿಯದು. ಅಲ್ಲಿ ಮೆಡಿಕಲ್ ಮೊದಲ ವರ್ಷದ ಪಾಠಗಳನ್ನೇ ಓದಿಸುತ್ತಾರೆ. ಗೆದ್ದರೆ ಬಲವಾದ ಸಾಕ್ಷಿ. ಅಲ್ಲೂ ಬಿ, ಸಿ ಬಂದರೆ ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಪೋಸ್ಟ್‌ಬ್ಯಾಕ್‌ನಲ್ಲಿ ಎ ಮೇಲೆ ಎ ಬಂದ ನಂತರವೇ ಅತ್ತ ನೋಡಬೇಕು.

ಈ ತಿಂಗಳ ಪ್ರಶ್ನೆ, ಕೋರ್ಸ್ ಬಿಡಬೇಕೋ ಬೇಡವೋ ಎಂಬುದು. ಬಿಟ್ಟ ಕೋರ್ಸಿಗೆ ಬೀಳುವ ಡಬ್ಲ್ಯೂ ಗುರುತು ಜಿಪಿಎಗೆ ತಗಲುವುದಿಲ್ಲ, ಟ್ರಾನ್ಸ್‌ಕ್ರಿಪ್ಟಿನಲ್ಲಿ ಉಳಿಯುತ್ತದೆ. ಒಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಸಾಲುಗಟ್ಟಿದರೆ ಕೇಳುತ್ತಾರೆ. ಬಿ ಬರುವ ಹಾಗಿದ್ದರೆ ಉಳಿಯಿರಿ. ಸಿ ಕೂಡ ಅನುಮಾನವಾಗಿದ್ದರೆ ಬಿಡಿ, ಆದರೆ 12 ಕ್ರೆಡಿಟ್‌ಗಿಂತ ಕೆಳಗಿಳಿಯುವ ಮುನ್ನ ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ ವಿಚಾರಿಸಿ. ಎಫ್-1 ವಿದ್ಯಾರ್ಥಿ ವೀಸಾದವರು ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗದೆ ಏನನ್ನೂ ಬಿಡಬಾರದು.

ಎಂಕ್ಯಾಟ್ 472ರಿಂದ 528ರವರೆಗೆ, ನಾಲ್ಕು ಭಾಗ, ಒಂದೊಂದಕ್ಕೂ 118ರಿಂದ 132. ವರ್ಷಕ್ಕೆ ಮೂರು, ಎರಡು ವರ್ಷದಲ್ಲಿ ನಾಲ್ಕು, ಜೀವಮಾನದಲ್ಲಿ ಏಳು ಸಲ ಮಾತ್ರ ಬರೆಯಬಹುದು. ಜಿಪಿಎ ಕಡಿಮೆಯಿದ್ದವರಿಗೆ ಎರಡನೇ ಸಾಕ್ಷಿ ಇದೇ. ಎಂಕ್ಯಾಟ್ ನಡೆಸುವ ಸಂಸ್ಥೆಯಾದ ಎಎಎಂಸಿಯ ಪೂರ್ಣ ಅಭ್ಯಾಸ ಪರೀಕ್ಷೆಗಳಲ್ಲಿ ಬೇಕಾದ ಅಂಕ ಮತ್ತೆ ಮತ್ತೆ ಬರುವ ತನಕ ತಾರೀಖು ಮುಂದೂಡುವುದರಲ್ಲಿ ತಪ್ಪಿಲ್ಲ.

ಕಾಲೇಜು ಆರಿಸುವಾಗ ಎಎಎಂಸಿಯ ಕಾಲೇಜು ಮಾಹಿತಿ ಕೋಶವಾದ ಎಂಎಸ್‌ಎಆರ್‌ನಲ್ಲಿ ಮಧ್ಯದ ಅಂಕಿ ನೋಡಿ ಎದೆಗುಂದಬೇಡಿ. 10ನೇ ಪರ್ಸೆಂಟೈಲ್ ನೋಡಿ, ಅಂದರೆ ನೂರರಲ್ಲಿ ಹತ್ತು ಜನ ಯಾವ ಅಂಕಿಗಿಂತ ಕೆಳಗಿದ್ದಾರೋ ಅದು. ಅಲ್ಲಿಂದಲೂ ತೀರಾ ಕೆಳಗಿದ್ದರೆ ಆ ಕಾಲೇಜಿನ ಫೀಸು ಉಳಿಸಿ. ಸ್ವಂತ ರಾಜ್ಯದ ಸರ್ಕಾರಿ ಕಾಲೇಜುಗಳು ಪಟ್ಟಿಯ ಮೊದಲಲ್ಲಿ ಇರಲಿ. ಟೆಕ್ಸಾಸ್ ನಿವಾಸಿಗಳಿಗೆ 10 ವರ್ಷ ದಾಟಿದ ಗ್ರೇಡುಗಳನ್ನು ಬದಿಗಿಡುವ ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್ ಇದೆ. ಅದನ್ನು ಬಳಸಿದರೆ ಆ ಕಾಲದ ಒಳ್ಳೆಯ ಗ್ರೇಡುಗಳೂ ಹೋಗುತ್ತವೆ. ನಮ್ಮ ಕನ್ನಡದ ಮನೆಗಳಲ್ಲಿ ಡಿಓ ಎಂದರೆ ಮೂಗು ಮುರಿಯುವವರಿದ್ದಾರೆ. ಡಿಓ ಓದಿದವರು ಎಲ್ಲ 50 ರಾಜ್ಯಗಳಲ್ಲೂ ಪೂರ್ಣ ವೈದ್ಯರೇ, ಪದವಿಯ ನಂತರದ ಆಸ್ಪತ್ರೆ ತರಬೇತಿಯಾದ ರೆಸಿಡೆನ್ಸಿಯ ಮಾನ್ಯತೆಯೂ 2020ರಿಂದ ಎಂಡಿ, ಡಿಓ ಎರಡಕ್ಕೂ ಒಂದೇ. ಇನ್ನೊಂದು ಮಾತು: ಕರ್ನಾಟಕದಲ್ಲಿ ಬಿಎಸ್ಸಿ ಮುಗಿಸಿ ಬಂದವರ ಅಂಕಗಳು ಆಮ್‌ಕ್ಯಾಸ್ ಜಿಪಿಎಗೆ ಸೇರುವುದೇ ಇಲ್ಲ. ಅವರು ಅಮೆರಿಕದಲ್ಲಿ ಓದುವ ಕ್ರೆಡಿಟ್‌ಗಳೇ ಅವರ ಜಿಪಿಎ.

ಅರ್ಜಿ ಸಲ್ಲಿಕೆ ಮೇ ಕೊನೆಯ ಹೊತ್ತಿಗೆ ಶುರು. ಅರ್ಜಿಗಳು ಬಂದ ಹಾಗೆ ಸೀಟುಗಳು ತುಂಬುವುದರಿಂದ ಜೂನ್ ಒಳಗೆ ಕಳಿಸಿದವರಿಗೆ ಅನುಕೂಲ. ಕಳಿಸಿದ ಮೇಲೆ ಬಂದ ಗ್ರೇಡು ಆ ವರ್ಷದ ಆಮ್‌ಕ್ಯಾಸ್ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಪೋಸ್ಟ್‌ಬ್ಯಾಕ್ ಮುಂದಿನ ಆಗಸ್ಟ್‌ನಲ್ಲಿ ಶುರುಮಾಡುವವರಿಗೆ 2026ರ ಮೇ ಬೇಡ. 2027ರ ಮೇ ಸರಿ.